ಬೌಲಿಂಗಿನ ಅರ್ಧ ಕ್ರೆಡಿಟ್

ಊರವರ ಹಲ್ಲಿನ ಕೊಳೆ ತೆಗೆಯುವುದು ನನ್ನ ಕೆಲಸ. ಕೀಳುವವರು, ತುಂಬುವವರು ಡಾಕ್ಟರು. ಅದಕ್ಕೂ ಮುಂಚೆ ಅರ್ಧ ಗಂಟೆ ಪಕ್ಕದಲ್ಲಿ ಕೂತು ಕೆರೆಯುವವಳು ನಾನು. ಈ ಕೆಲಸದಲ್ಲಿ ಒಂದು ಸುಖವಿದೆ. ಎದುರಿಗಿರುವವರ ಬಾಯಲ್ಲಿ ಕನ್ನಡಿ, ಕೊಕ್ಕೆ, ಉಗುಳು ಎಳೆಯುವ ಕೊಳವೆ ಎಲ್ಲ ತುಂಬಿರುವುದರಿಂದ ಅವರು ಎದುರಾಡುವಂತಿಲ್ಲ. ಎರಡು ವರ್ಷದಿಂದ ಆ ಸುಖವನ್ನು ನಾನು ಒಂದೇ ವಿಷಯಕ್ಕೆ ಬಳಸಿದೆ. ನನ್ನ ಮಗಳು ಮಾರೆನ್ ಹೈಸ್ಕೂಲಿನಲ್ಲಿದ್ದುಕೊಂಡೇ ಕಾಲೇಜು ಓದುತ್ತಿದ್ದಾಳೆ ಎಂಬ ವಿಷಯ.

ನಮ್ಮ ನಾರ್ತ್ ಡಕೋಟಾದಲ್ಲಿ ಇದೇನೂ ಅಪರೂಪವಲ್ಲ. ಹೈಸ್ಕೂಲಿನ ಕೊನೆಯ ಎರಡು ವರ್ಷ, ಮನಸ್ಸಿದ್ದ ಮಕ್ಕಳು ಹತ್ತಿರದ ಕಾಲೇಜಿಗೂ ಹೋಗಿ ಕೂರಬಹುದು. ಅಲ್ಲಿ ಓದಿದ ಪಾಠ ಕಾಲೇಜಿಗೂ ಲೆಕ್ಕ, ಶಾಲೆಗೂ ಲೆಕ್ಕ. ಒಬ್ಬೊಬ್ಬರು ಒಂದೋ ಎರಡೋ ಪಾಠ ಮುಗಿಸುತ್ತಾರೆ. ಮಾರೆನ್ ಹಾಗಲ್ಲ. ಅವಳು ದಿನಾ ಬೆಳಿಗ್ಗೆ ಹೆಪ್ಪುಗಟ್ಟಿದ ರಸ್ತೆಯಲ್ಲಿ ಕಾರು ಓಡಿಸಿಕೊಂಡು ಹೋಗಿ, ಮಧ್ಯಾಹ್ನದ ಹೊತ್ತಿಗೆ ಹೈಸ್ಕೂಲಿಗೆ ವಾಪಸಾಗಿ, ಹೈಸ್ಕೂಲು ಮುಗಿಯುವ ಮೊದಲೇ ಕಾಲೇಜಿನ ಎರಡು ವರ್ಷದ ಪದವಿಯನ್ನೇ ಗಿಟ್ಟಿಸಿದಳು. ನಮ್ಮ ಜನಕ್ಕೆ ಬಡಾಯಿ ಅಂದರೆ ಆಗದು. ಮಗು ಹೇಗಿದೆ ಎಂದು ಕೇಳಿದರೆ 'ಪರವಾಗಿಲ್ಲ' ಅನ್ನಬೇಕು, ಅಷ್ಟೇ. ಆದರೆ ಬಾಯಿ ತೆರೆದು ಮಲಗಿದವರು ಕೇಳುವುದೂ ಇಲ್ಲ, ಬೇಡ ಅನ್ನುವುದೂ ಇಲ್ಲ. ನಾನು ಕೊಚ್ಚಿಕೊಂಡೆ. ಇಡೀ ಊರಿನ ದವಡೆಗಳಿಗೆ ನನ್ನ ಮಗಳ ಅಂಕಗಳು ಬಾಯಿಪಾಠವಾಗಿದ್ದವು.

ಮೇ ತಿಂಗಳ ಮಧ್ಯದಲ್ಲಿ ಹೈಸ್ಕೂಲಿನ ಪ್ರಿನ್ಸಿಪಾಲ್ ಗ್ರೆಗ್ ನಿಗಾರ್ಡ್ ಬಂದು ಕುರ್ಚಿಯಲ್ಲಿ ಮಲಗಿದರು. ಹಿಂದಿನ ವಾರವಷ್ಟೇ ಕಾಲೇಜಿನ ಸಮಾರಂಭ ಆಗಿತ್ತು, ಮಾರೆನ್ ಗೌನು ತೊಟ್ಟು ಪದವಿ ತಗೊಂಡಿದ್ದಳು. ನಾನು ನಿಗಾರ್ಡರ ಕೆಳದವಡೆ ಕೆರೆಯುತ್ತಾ ಅದನ್ನೇ ಶುರು ಮಾಡಿದೆ. ಅವಳು ಹೇಗೆ ನಡೆದಳು, ಅಲ್ಲಿದ್ದವರಲ್ಲಿ ಅವಳೇ ಹೇಗೆ ಎಲ್ಲರಿಗಿಂತ ಚಿಕ್ಕವಳು, ಇನ್ನು ಹೈಸ್ಕೂಲಿನದೇನು, ಮುಖ ತೊಳೆದು ಹೋಗಿ ಬಂದರಾಯಿತು. ನಿಗಾರ್ಡ್ ಆ ಆ ಎಂದರು. ನೋವಾಯಿತೇನೋ ಎಂದುಕೊಂಡು ಕೈ ಹಗುರ ಮಾಡಿದೆ. ಮತ್ತೆ ಆ ಆ ಎಂದು ಕೈ ಎತ್ತಿದರು. ಕೊಳವೆ ತೆಗೆದೆ.

"ರೆನೇ, ನಿಲ್ಸಿ ಸ್ವಲ್ಪ. ಅದೇ ವಿಷ್ಯ ಮಾತಾಡ್ಬೇಕಿತ್ತು. ಮಾರೆನ್‌ದು ಪೀಟಿ ಅರ್ಧ ಕ್ರೆಡಿಟ್ ಕಮ್ಮಿ ಇದೆ, ಅದಿಲ್ದೆ ಹೈಸ್ಕೂಲು ಪಾಸಿಲ್ಲ."

"ಏನು ಕಮ್ಮಿ?"

"ಪೀಟಿ. ವ್ಯಾಯಾಮ. ನಮ್ ಶಾಲೇಲಿ ಪೀಟಿ ಕ್ಲಾಸಿರೋದು ಬೆಳಿಗ್ಗೆ, ಅವ್ಳು ಬೆಳಿಗ್ಗೆ ಕಾಲೇಜಲ್ಲಿ. ಬದ್ಲಿಗೆ ಅಲ್ಲಿ ಬೌಲಿಂಗ್ ತಗೊಂಡಿದಾಳೆ."

"ಹೌದು. ಶೂ ನಾನೇ ಕೊಡ್ಸಿದ್ದು." ಭಾರದ ಚೆಂಡು ಉರುಳಿಸಿ ಹತ್ತು ಗೂಟ ಬೀಳಿಸುವ ಆಟಕ್ಕೂ ಬೇರೆ ಶೂ ಬೇಕು.

ನಿಗಾರ್ಡ್ ಎದೆಯ ಮೇಲಿನ ಕಾಗದದ ಬಟ್ಟೆಯಲ್ಲಿ ತುಟಿ ಒರೆಸಿಕೊಂಡರು. ನನ್ನ ಮುಖ ನೋಡಲಿಲ್ಲ. "ಕಾಲೇಜಿನ ಆಟದ ಕ್ಲಾಸು ನಮ್ಮಲ್ಲಿ ಪೀಟಿಗೆ ಲೆಕ್ಕಕ್ಕಿಲ್ಲ, ರೆನೇ. ಮಂಡಳಿ ನಿಯಮ. ನಿಮ್ಮನೆಯವ್ರದೇ."

ಆಗ ನೆನಪಾಯಿತು. ನೆನಪಾಯಿತು ಅಂದರೆ ಸುಳ್ಳು, ಮರೆತೇ ಇರಲಿಲ್ಲ. ನನ್ನ ಗಂಡ ಕರ್ಟ್ ಟೋರ್ಕೆಲ್ಸನ್ ಶಾಲಾ ಮಂಡಳಿಯ ಅಧ್ಯಕ್ಷ. ಎರಡು ವರ್ಷದ ಹಿಂದೆ ಶೆಲ್ಬಿ ವೆಟ್ಜೆಲ್ ಎಂಬ ಹುಡುಗಿ ಇದೇ ಕಾಲೇಜಿನಲ್ಲಿ ಇದೇ ಬೌಲಿಂಗ್ ತಗೊಂಡು, ಅದನ್ನು ಪೀಟಿ ಎಂದು ಒಪ್ಪಿಕೊಳ್ಳಿ ಅಂತ ಅವಳ ತಾಯಿ ಲೋರ್ನಾ ಮಂಡಳಿಯನ್ನು ಕೇಳಿದ್ದಳು. ಆ ಸಂಜೆ ಊಟದ ಮೇಜಿನಲ್ಲಿ ನಾನು ಕರ್ಟ್‌ಗೆ ಆಲೂಗಡ್ಡೆ ಬಡಿಸುತ್ತಾ, "ಬೌಲಿಂಗಿಗೂ ಕ್ರೆಡಿಟ್ ಕೊಟ್ರೆ, ನಾಳೆ ಹೆಪ್ಪುಗಟ್ಟಿದ ಕೆರೇಲಿ ತೂತು ಕೊರೆದು ಮೀನು ಹಿಡಿಯೋರಿಗೂ ಕೊಡಿ, ಬಿಯರ್ ಬಾಟ್ಲಿ ಎತ್ತೋದು ತೋಳಿಗೆ ವ್ಯಾಯಾಮ" ಎಂದಿದ್ದೆ. ಕರ್ಟ್ ಅದನ್ನು ಸಭೆಯಲ್ಲಿ ಹಾಗೇ ಹೇಳಿದ. ಎಲ್ಲರೂ ನಕ್ಕರಂತೆ. ನಗುತ್ತಲೇ ಕೈ ಎತ್ತಿ ನಿಯಮ ಮಾಡಿದರು. ಶೆಲ್ಬಿ ಆ ವರ್ಷ ವೇದಿಕೆ ಹತ್ತಲಿಲ್ಲ. ಬೇಸಿಗೆಯಲ್ಲಿ ತನಗಿಂತ ಅಡಿಯಷ್ಟು ಗಿಡ್ಡ ಮಕ್ಕಳ ಜೊತೆ ಮೈದಾನ ಸುತ್ತಿ, ಪ್ರಮಾಣಪತ್ರವನ್ನು ಆಫೀಸಿನ ಕಿಟಕಿಯಲ್ಲಿ ಕೈಚಾಚಿ ಇಸಿದುಕೊಂಡಳು. ಲೋರ್ನಾ, ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವಳು, ಅಂದಿನಿಂದ ಹಲ್ಲು ತೋರಿಸಲು ಬೇರೆ ಊರಿಗೆ ಕಾರಲ್ಲಿ ಹೋಗುತ್ತಾಳೆ.

ಹಾಗಿದ್ದೂ ಮಾರೆನ್ ಬೌಲಿಂಗ್ ಸೇರುತ್ತೇನೆ ಎಂದಾಗ ನನಗೆ ಹೊಳೆಯಲಿಲ್ಲವೇ? ಇಲ್ಲ. ಅದು ಬೇರೆಯವರ ಮಕ್ಕಳಿಗೆ ಮಾಡಿದ ನಿಯಮ. ನಮ್ಮ ಮಗಳಿಗೂ ಅದಕ್ಕೂ ಸಂಬಂಧವಿದೆ ಎಂದು ನನ್ನ ತಲೆ ಒಪ್ಪಿಕೊಳ್ಳಲೇ ಇಲ್ಲ. ಆ ನಿಯಮ ಆದಾಗ ಹದಿನಾರರಲ್ಲಿದ್ದ ಮಾರೆನ್‌ಗೆ ಶೆಲ್ಬಿಗೆ ಪೀಟಿ ಏನೋ ಕಮ್ಮಿ ಬಿತ್ತಂತೆ ಅನ್ನುವಷ್ಟು ಗೊತ್ತಿತ್ತು. ಬೌಲಿಂಗಿನ ಕತೆಯನ್ನು ನಾವು ಅವಳಿಗೆ ಹೇಳಿರಲಿಲ್ಲ, ಅವಳು ಕೇಳಿರಲೂ ಇಲ್ಲ.

"ಒಂದು ದಾರಿ ಇದೆ," ನಿಗಾರ್ಡ್ ಹೇಳಿದರು. "ಚಿಕ್ ಮಕ್ಕಳ ಆಟೋಟದ ದಿನ ಮಾರೆನ್ ಬಂದು ಸಹಾಯ ಮಾಡಿದ್ಲಲ್ಲ, ಅದನ್ನೇ ಸ್ವಂತವಾಗಿ ಮಾಡಿದ ಪೀಟಿ ಅಂತ ಬರ್ಕೋತೀನಿ. ಹಾವೂ ಸಾಯ್ಬೇಕು, ಕೋಲೂ ಮುರೀಬಾರ್ದು. ನನಗೂ ಇದ್ರಲ್ಲಿ ತಪ್ಪಿದೆ, ಮೊದ್ಲೇ ನೋಡ್ಬೇಕಿತ್ತು. ನೀವು, ನಾನು, ಕರ್ಟ್, ಅಷ್ಟೇ."

ನಾನು ಯೋಚಿಸಿದೆ ಎಂದು ಹೇಳುವ ಆಸೆ. ಯೋಚಿಸಲಿಲ್ಲ. "ಬರ್ಕೊಳಿ" ಎಂದು ಮತ್ತೆ ಅವರ ಬಾಯಿ ತೆರೆಸಿದೆ. ಉಳಿದ ಹಲ್ಲು ತಿಕ್ಕುವಾಗ ನನ್ನ ಬಾಯಿಂದ ಒಂದು ಮಾತೂ ಬರಲಿಲ್ಲ.

ಸಂಜೆ ಕರ್ಟ್‌ಗೆ ಹೇಳಿದೆ. ಅವನು ಟ್ರಾಕ್ಟರಿನ ಬಿಡಿಭಾಗ ಮಾರುವ ಅಂಗಡಿಯಿಂದ ಬಂದು ಬೂಟು ಬಿಚ್ಚುತ್ತಿದ್ದ. ಒಂದು ಬೂಟು ಬಿಚ್ಚಿ ಇನ್ನೊಂದನ್ನು ಹಾಗೇ ಬಿಟ್ಟು ಕೂತ.

"ಅವ್ಳಿಗೆ ಗೊತ್ತಾ?"

"ಇಲ್ಲ."

"ಹ್ಞೂಂ," ಎಂದ. ಇನ್ನೊಂದು ಬೂಟನ್ನೂ ಬಿಚ್ಚಿದ. ನಮ್ಮ ನಾರ್ವೆ ಮೂಲದವರಲ್ಲಿ ಗಂಡಸು ಬೇಡ ಅನ್ನದಿದ್ದರೆ ಆಗಲಿ ಎಂದೇ ಅರ್ಥ. ಊರಿಗೆಲ್ಲ ನಿಯಮ ಅಂದರೆ ನಿಯಮ ಎಂದು ಉಪದೇಶ ಮಾಡಿದವನು ತನ್ನ ಮನೆಗೆ ಬಂದಾಗ ಹ್ಞೂಂ ಎಂದ. ನಾನೇನೂ ಅವನನ್ನು ಆಡಿಕೊಳ್ಳಲು ಹೇಳುತ್ತಿಲ್ಲ. ಅವನು ಹ್ಞೂಂ ಅಂದಾಗ ನನಗೆ ಎಷ್ಟು ಹಾಯೆನಿಸಿತು ಎಂದು ತಿಳಿಯಲಿ ಅಂತ ಹೇಳುತ್ತಿದ್ದೇನೆ.

ಹೈಸ್ಕೂಲಿನ ಸಮಾರಂಭ ಭಾನುವಾರ. ಹಿಂದಿನ ದಿನ ಶನಿವಾರ ನಮ್ಮ ಗ್ಯಾರೇಜಿನಲ್ಲಿ ಔತಣ. ಮಕ್ಕಳು ಶಾಲೆ ಮುಗಿಸಿದರೆ ಇಲ್ಲಿ ಪ್ರತಿ ಮನೆಯವರೂ ಗ್ಯಾರೇಜು ತೊಳೆದು, ಬಣ್ಣ ಹೊಡೆದು, ಚರ್ಚಿನಿಂದ ಮೇಜು ತಂದು, ಹುಟ್ಟಿದಾಗಿನ ಫೋಟೋಗಳನ್ನೆಲ್ಲ ಹಲಗೆಗೆ ಅಂಟಿಸಿ ಊರನ್ನು ಕರೆಯುತ್ತಾರೆ. ತರಗತಿಯಲ್ಲಿ ಹನ್ನೊಂದೇ ಮಕ್ಕಳು, ಹಾಗಾಗಿ ಊರು ಆ ವಾರ ಒಂದು ಗ್ಯಾರೇಜಿನಿಂದ ಇನ್ನೊಂದಕ್ಕೆ ಮೆರವಣಿಗೆ ಹೊರಟಿರುತ್ತದೆ. ನಮ್ಮ ಮನೆಯ ಮುಂದೆ ಹುಲ್ಲಿನಲ್ಲಿ ನಾನೇ ನೆಟ್ಟ ಫಲಕವಿತ್ತು. 'ಮಾರೆನ್, ಎರಡು ಸಲ ಪದವೀಧರೆ' ಎಂದು ಅದರಲ್ಲಿ. ಬೆಳಿಗ್ಗೆ ಅದನ್ನು ಕಿತ್ತು ಒಳಗಿಡೋಣ ಎಂದು ಹೊರಗೆ ಹೋದೆ. ಎದುರು ಮನೆಯ ಮುದುಕಪ್ಪ ನಾಯಿ ಹಿಡಿದುಕೊಂಡು ನಿಂತು, "ಚೆನ್ನಾಗಿದೆ ಬೋರ್ಡು!" ಎಂದ. ಅಲ್ಲೇ ಬಿಟ್ಟು ಬಂದೆ.

ಜನ ಬಂದರು. ಹಂದಿಮಾಂಸದ ಬನ್ನು, ಆಲೂಗಡ್ಡೆ ಸಲಾಡು, ಬೆಣ್ಣೆ ಪುದಿನಾ ಮಿಠಾಯಿ, ನೀರು ಕಾಫಿ. ಎಲ್ಲರೂ ನನ್ನನ್ನು ಕಂಡ ಕೂಡಲೇ ಒಂದೇ ತಮಾಷೆ ಮಾಡಿದರು. "ಕೇಳಿದೀವಮ್ಮಾ, ಕೇಳಿದೀವಿ, ಬಾಯಿ ತೆಗ್ಸಿ ಹೇಳಿದ್ದೆಲ್ಲಾ ನೆನಪಿದೆ." ನಾನು ಹಲ್ಲು ಗಿಂಜಿದೆ. ಕೆನ್ನೆ ನೋವು ಬರುವಷ್ಟು ಗಿಂಜಿದೆ. ಅಭಿನಂದನೆ ಅನ್ನುವ ಪ್ರತಿ ಬಾಯಿಯೂ ನಾನು ಕೆರೆದ ಬಾಯಿಯೇ, ಪ್ರತಿಯೊಂದರ ಮುಂದೆಯೂ ನನ್ನ ಮೈ ಬಿಸಿಯಾಗುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಲೋರ್ನಾ ವೆಟ್ಜೆಲ್ ಬಂದಳು. ಅವಳ ಮಗ ಡ್ರೂ ಮಾರೆನ್‌ನ ತರಗತಿಯವನು, ಬರದಿದ್ದರೆ ತಪ್ಪಾಗುತ್ತದೆ ಎಂದು ಬಂದಿರಬೇಕು. ಜೊತೆಯಲ್ಲಿ ಶೆಲ್ಬಿ. ಲೋರ್ನಾಳ ಕೈಯಲ್ಲಿ ಕೂಕನ್, ಅವರ ಜರ್ಮನ್ ಅಜ್ಜಿಯರ ಕಾಲದ ಕಸ್ಟರ್ಡ್ ತುಂಬಿದ ಸಿಹಿರೊಟ್ಟಿ. ಎರಡು ವರ್ಷದಲ್ಲಿ ನಮ್ಮ ಮನೆಗೆ ಅವಳ ಕೂಕನ್ ಬಂದಿರಲಿಲ್ಲ.

"ತಗೋ ರೆನೇ. ಹುಡುಗಿಗೆ ಒಳ್ಳೇದಾಗ್ಲಿ."

"ಇದೆಲ್ಲ ಯಾಕೆ ತರೋಕೆ ಹೋದೆ," ಎಂದೆ. ನಮ್ಮಲ್ಲಿ ಹಾಗೇ ಅನ್ನಬೇಕು.

ಶೆಲ್ಬಿ ಫೋಟೋ ಹಲಗೆಯ ಹತ್ತಿರ ಮಾರೆನ್ ಜೊತೆ ನಿಂತಳು. ಈಗ ಅವಳು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವುದನ್ನು ಕಲಿಯುತ್ತಿದ್ದಾಳೆ. ಇಬ್ಬರೂ ಅದೇ ಕಾಲೇಜು, ಅದೇ ಮೇಷ್ಟ್ರುಗಳು. ಅವರನ್ನು ಅಣಕಿಸಿಕೊಂಡು ನಗುತ್ತಿದ್ದರು. ನಾನು ಬನ್ನಿನ ತಟ್ಟೆ ಹಿಡಿದು ಅಲ್ಲೇ ಹತ್ತಿರ ಇದ್ದೆ.

"ಬೆಳಿಗ್ಗೆ ಎಲ್ಲಾ ಅಲ್ಲಿದ್ರೆ ಪೀಟಿಗೇನ್ ಮಾಡ್ದೆ ನೀನು?" ಶೆಲ್ಬಿ ಕೇಳಿದಳು.

"ಬೌಲಿಂಗು! ಒಂದೇ ಆಟದಲ್ಲಿ ನೂರ ನಲವತ್ತು ಪಾಯಿಂಟ್ ಹೊಡ್ದಿದೀನಿ, ಗೊತ್ತಾ?"

ಶೆಲ್ಬಿಯ ನಗು ನಿಂತಿತು. "ಬೌಲಿಂಗ್ ಲೆಕ್ಕಕ್ಕೆ ತಗೊಂಡ್ರಾ?"

"ತಗೊಂಡಿರ್ಬೇಕು. ಯಾರೂ ಏನೂ ಅನ್ಲಿಲ್ಲ. ಯಾಕೆ?"

ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ನೆಲಕ್ಕೆ ಮೊನ್ನೆಯಷ್ಟೇ ಬೂದುಬಣ್ಣ ಹೊಡೆದಿದ್ದೆವು, ಅದು ಗಟ್ಟಿಯಾಗಿಯೇ ನಿಂತಿತ್ತು. ಶೆಲ್ಬಿ ತಾಯಿಯ ಕಡೆ ನೋಡಿದಳು. ಲೋರ್ನಾಗೂ ಕೇಳಿಸಿತ್ತು. ಅವಳು ತಟ್ಟೆ ಕೆಳಗಿಟ್ಟು ಸೀದಾ ಕರ್ಟ್ ಹತ್ತಿರ ಹೋದಳು. ಅವನು ಮಾಂಸ ಕತ್ತರಿಸುತ್ತಿದ್ದ. ಜಗಳಕ್ಕೇ ಬಂದಳು ಎಂದುಕೊಂಡೆ, ಆ ಕ್ಷಣ ಜಗಳವೇ ಆಗಲಿ ಎಂದು ಬೇಡಿಕೊಂಡೆ.

"ಕರ್ಟ್," ಎಂದಳು. "ಆ ನಿಯಮ ತೆಗೆದು ಹಾಕಿದ್ರಲ್ಲ, ನನಗೆ ಗೊತ್ತೇ ಇರ್ಲಿಲ್ಲ. ನಾನು ನಿಮ್ ಬಗ್ಗೆ ಏನೇನೋ ಆಡ್ಕೊಂಡಿದೀನಿ, ಸುಳ್ಳ್ಯಾಕೆ ಹೇಳ್ಲಿ. ನಮ್ ಹುಡುಗಿಗೆ ಆದ್ದು ಇನ್ಯಾರಿಗೂ ಆಗ್ಬಾರ್ದು ಅಂತ ನಿಮಗೂ ಅನ್ನಿಸ್ತಲ್ಲ. ದೊಡ್ಡ ಮನಸ್ಸು. ಥ್ಯಾಂಕ್ಸ್."

ಕರ್ಟ್ ಕೈಯ ಚಾಕು ನಿಂತಿತು. ಇಲ್ಲ ಲೋರ್ನಾ, ತೆಗೆದಿಲ್ಲ ಎಂದರೆ ಮುಗಿಯುತ್ತಿತ್ತು. ಅಕ್ಕಪಕ್ಕ ಪಾದ್ರಿ, ಬ್ಯಾಂಕಿನವನು, ನಮ್ಮ ಅತ್ತೆ ಎಲ್ಲ ನಿಂತಿದ್ದರು. ಅವನು ನನ್ನ ಕಡೆ ನೋಡಿದ. ನಾನು ಕಣ್ಣು ತಪ್ಪಿಸಿದೆ.

"ಅದ್ರಲ್ಲೇನಿದೆ ಬಿಡಿ," ಎಂದ ಕರ್ಟ್.

ನಾನೋ, ತಟ್ಟೆ ಮುಂದೆ ಚಾಚಿ, "ಇನ್ನೊಂದು ಬನ್ನು ತಗೋ ಲೋರ್ನಾ" ಎಂದೆ. ಅವಳು ತಗೊಂಡಳು. ನನ್ನ ಭುಜ ಹಿಡಿದು ಅದುಮಿದಳು ಬೇರೆ. ಬೈಗುಳ ತಿಂದು ಯಾರೂ ಸತ್ತಿಲ್ಲ. ಹೊಗಳಿಕೆ ಕದ್ದು ತಿಂದರೆ ಹೇಗಿರುತ್ತದೆ ಎಂದು ನನಗೆ ಅವತ್ತು ಗೊತ್ತಾಯಿತು.

ಎಲ್ಲರೂ ಹೋದ ಮೇಲೆ ಮಾರೆನ್ ಕುರ್ಚಿಗಳನ್ನು ಮಡಚಿ ಗೋಡೆಗೆ ಒರಗಿಸುತ್ತಾ ಕೇಳಿದಳು, "ಅಪ್ಪಾ, ಯಾವ್ ನಿಯಮ? ಯಾವಾಗ ತೆಗೆದಿದ್ದು?"

ಕರ್ಟ್ ಕಾಫಿ ಪಾತ್ರೆ ತೊಳೆಯುತ್ತಿದ್ದ. ನೀರು ಬಿಟ್ಟುಕೊಂಡೇ ಇದ್ದ, ಪಾತ್ರೆ ತೊಳೆದು ಎಷ್ಟೋ ಹೊತ್ತಾಗಿತ್ತು.

"ಅಪ್ಪಾ?"

ಕೊನೆಗೆ ನಾನೇ ಹೇಳಿದೆ. ಶೆಲ್ಬಿಯದು, ನನ್ನ ಮೀನಿನ ತಮಾಷೆ, ನಿಗಾರ್ಡರ ದಾರಿ, ಎಲ್ಲಾ. ಹೇಳುವಾಗ ನನ್ನ ಮಗಳ ಮುಖ ನೋಡುವ ಧೈರ್ಯವಾಗದೆ ಹಲಗೆಯ ಮೇಲಿನ ಫೋಟೋಗಳನ್ನು ಕೀಳುತ್ತಾ ಹೇಳಿದೆ.

"ಅಂದ್ರೆ ನಾನು ಪಾಸಾಗಿಲ್ಲ," ಎಂದಳು.

"ಆಗಿದೀಯ ಪುಟ್ಟಾ, ನಿಗಾರ್ಡ್ ಬರ್ಕೊಂಡಿದಾರೆ..."

"ಅಮ್ಮಾ. ಪಾಸಾಗಿಲ್ಲ." ಅವಳ ಕುತ್ತಿಗೆ ಕೆಂಪಾಗಿತ್ತು. "ನಾನು ಅವ್ಳ ಮುಂದೆ ನೂರ ನಲವತ್ತು ಹೊಡ್ದೆ ಅಂತ ಕುಣಿದ್ನಲ್ಲ. ನಿಮಗಿಬ್ರಿಗೂ ಗೊತ್ತಿತ್ತು, ನಾನು ಕುಣಿಯೋದನ್ನ ನೋಡ್ಕೊಂಡು ನಿಂತಿದ್ರಿ."

ನಾನು ಇನ್ನೊಂದು ಫೋಟೋ ಕಿತ್ತೆ.

"ನಾಳೆ ನಾನು ವೇದಿಕೆ ಹತ್ತಲ್ಲ," ಎಂದಳು. "ಬೇಸಿಗೇಲಿ ಪೀಟಿ ಮಾಡ್ತೀನಿ. ಮತ್ತೆ ಲೋರ್ನಾ ಆಂಟಿಗೆ ನೀವೇ ಹೋಗಿ ಹೇಳ್ಬೇಕು. ಇವತ್ತೇ."

"ನಾನ್ ಹೋಗ್ತೀನಿ," ಎಂದ ಕರ್ಟ್. ನಲ್ಲಿ ಮಾತ್ರ ನಿಲ್ಲಿಸಲಿಲ್ಲ. ಅವನ ಬೆನ್ನು ನೋಡಿ ನನಗೆ ಸಿಟ್ಟೂ ಬಂತು, ಅಯ್ಯೋ ಅಂತಲೂ ಅನ್ನಿಸಿತು. ನಾನು ಲೋರ್ನಾಳ ಕೂಕನ್ ತಟ್ಟೆ ತೊಳೆದೆ. ಖಾಲಿ ಪಾತ್ರೆ ವಾಪಸ್ ಕೊಡಬಾರದಲ್ಲ, ಉಳಿದ ಬನ್ನುಗಳನ್ನು ಅದಕ್ಕೆ ಜೋಡಿಸಿ ಮುಚ್ಚಿ ಹೊರಟೆ. ಇಂಥ ಕೆಲಸಕ್ಕೆ ಹೋಗುವಾಗಲೂ ಪಾತ್ರೆಯ ಮರ್ಯಾದೆ ಕಾಪಾಡುವವರು ನಾವು.

ಇನ್ನೂ ಬಿಸಿಲಿತ್ತು. ಲೋರ್ನಾ ಅಡುಗೆಮನೆಯಲ್ಲಿ ಮಗನ ನೀಲಿ ಗೌನಿಗೆ ಇಸ್ತ್ರಿ ಹಾಕುತ್ತಿದ್ದಳು. ನನ್ನನ್ನು ಕಂಡು ನಕ್ಕಳು. "ತಟ್ಟೆಗೆ ಇಷ್ಟು ಅರ್ಜೆಂಟಾ?" ಎಂದಳು. ಆ ನಗುವಿನ ಮೇಲೆಯೇ ಹೇಳಬೇಕಾಯಿತು. ನಿಂತುಕೊಂಡೇ ಹೇಳಿದೆ, ತಟ್ಟೆ ಕೈಯಲ್ಲೇ ಹಿಡಿದುಕೊಂಡು. ನಿಯಮ ತೆಗೆದಿಲ್ಲ. ಹಿಂಬಾಗಿಲಿಂದ ಮಗಳನ್ನು ದಾಟಿಸಿದ್ದೇವೆ. ನೀನು ಥ್ಯಾಂಕ್ಸ್ ಅಂದಾಗ ಬಾಯಿ ಮುಚ್ಚಿಕೊಂಡಿದ್ದೆವು. ಆ ನಿಯಮ ಮಾಡಿದ ದಿನ ಸಭೆಯಲ್ಲಿ ಜನ ನಕ್ಕ ಮಾತು ನನ್ನದು. ಮಾರೆನ್ ನಾಳೆ ವೇದಿಕೆ ಹತ್ತುವುದಿಲ್ಲ.

ಇಸ್ತ್ರಿಪೆಟ್ಟಿಗೆಯನ್ನು ಅವಳು ಎತ್ತಿ ನಿಲ್ಲಿಸಿದಳು. ಬಾಗಿಲ ಕಡೆ ನೋಡಿ, "ಶೆಲ್ಬಿ ಮೇಲಿದಾಳೆ, ಮೆತ್ತಗೆ ಮಾತಾಡು" ಎಂದಳು. ನಗು ಎಲ್ಲಿ ಹೋಯಿತೋ.

"ಬೈಯಿ ಲೋರ್ನಾ," ಎಂದೆ.

"ಬೈದ್ರೆ ನಿಂಗೆ ಹಗುರಾಗತ್ತೆ. ಬೈಯಲ್ಲ." ಗೌನಿನ ತೋಳನ್ನು ಕೈಯಿಂದ ನೀವಿದಳು. "ಕಾರಲ್ಲಿ ಬರೋವಾಗ ಇವತ್ತು ಅವ್ಳು ಏನಂದ್ಲು ಗೊತ್ತಾ? ಎರಡು ವರ್ಷ ಆ ಶಾಲೆ ರಸ್ತೇಲಿ ಕಾಲಿಟ್ಟಿಲ್ಲ ನನ್ ಮಗ್ಳು. ತಮ್ಮನ ಸಮಾರಂಭಕ್ಕೂ ಬರಲ್ಲ ಅಂದಿದ್ಲು. ಇವತ್ತು, ಅಮ್ಮಾ ನಾಳೆ ನಾನೂ ಬರ್ತೀನಿ, ನನ್ನಿಂದ ಒಂದು ನಿಯಮ ಬದ್ಲಾಯ್ತಲ್ಲ, ನಾನು ಓಡಿದ್ದು ದಂಡ ಆಗ್ಲಿಲ್ಲ ಅಂದ್ಲು. ಈಗ ನಾನ್ ಮೇಲೆ ಹೋಗಿ ಏನ್ ಹೇಳ್ಲಿ ಅವ್ಳಿಗೆ? ನೀನೇ ಹೇಳು."

ತಟ್ಟೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದೆ.

"ನಿನ್ ಮಗ್ಳು ನಾಳೆ ಹತ್ಲಿ," ಎಂದಳು.

"ಅವ್ಳು ಒಪ್ಪಲ್ಲ. ಹಟಮಾರಿ."

"ಒಪ್ಸು. ಅವ್ಳು ಹತ್ತದೇ ಇದ್ರೆ ಯಾಕೆ ಅಂತ ಕೇಳಲ್ವಾ ಊರು? ಶೆಲ್ಬಿಗೆ ಗೊತ್ತಾಗತ್ತೆ. ಒಂದಲ್ಲ ಒಂದಿನ ಗೊತ್ತಾಗತ್ತೆ, ಆಗ ನಾನೇ ಕೂರ್ಸಿ ಹೇಳ್ತೀನಿ. ನಾಳೆ ಮಾತ್ರ ಬೇಡ. ಮುಂದಿನ ಸಭೇಲಿ ಆ ನಿಯಮ ನಿಜವಾಗ್ಲೂ ತೆಗೆಸ್ಬೇಕು, ನಿನ್ ಗಂಡಂಗೆ ಹೇಳು."

"ಮಾರೆನ್‌ಗೆ ನಾಚ್ಕೆ ಆಗತ್ತೆ ಲೋರ್ನಾ. ಅಷ್ಟು ಜನದ ಮುಂದೆ, ತನ್ನದಲ್ದೇ ಇರೋದನ್ನ ತಗೊಂಡು..."

"ಆಗ್ಲಿ." ಅವಳು ಮೊದಲ ಸಲ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. "ನನ್ ಮಗ್ಳು ಎರಡು ವರ್ಷ ತಲೆ ತಗ್ಗಿಸ್ಕೊಂಡು ಓಡಾಡಿದಾಳೆ. ನಿನ್ ಮಗ್ಳು ಒಂದ್ ಮಧ್ಯಾಹ್ನ ತಲೆ ಎತ್ಕೊಂಡು ನಡೀಲಿ. ತಟ್ಟೆ ಅಲ್ಲಿಡು."

ತಟ್ಟೆ ಇಟ್ಟು ಬಂದೆ.

ಮಾರೆನ್ ಮೊದಲು ಆಗುವುದಿಲ್ಲ ಎಂದಳು. ನಾನು ಒತ್ತಾಯಿಸಲಿಲ್ಲ, ಯಾವ ಮುಖ ಇಟ್ಟುಕೊಂಡು ಒತ್ತಾಯಿಸಲಿ? ಲೋರ್ನಾ ಆಡಿದ್ದನ್ನು ಆಡಿದ ಹಾಗೇ ಒಪ್ಪಿಸಿದೆ. ಅವಳು ಗ್ಯಾರೇಜಿನ ಮೆಟ್ಟಿಲ ಮೇಲೆ ಕೂತು ಮೊಣಕಾಲಿಗೆ ಗಲ್ಲ ಒತ್ತಿಕೊಂಡು ಕೇಳಿಸಿಕೊಂಡಳು.

"ಹಾಗಾದ್ರೆ ನಾನು ಸುಳ್ಳು ಹೇಳ್ಬೇಕು, ಶೆಲ್ಬಿಗೋಸ್ಕರ."

"ನಮ್ಮಿಂದಾಗಿ," ಎಂದ ಕರ್ಟ್, ಬಾಗಿಲಲ್ಲಿ ನಿಂತು. ಇಡೀ ದಿನದಲ್ಲಿ ಅವನು ಆಡಿದ ಒಂದೇ ನಿಜವಾದ ಮಾತು ಅದು.

ಮಾರೆನ್ ಅವನ ಕಡೆ ತಿರುಗಲಿಲ್ಲ. "ಹತ್ತೀನಿ. ಆದ್ರೆ ನೀನ್ ವೇದಿಕೇಲಿ ಕೊಡೋ ಪ್ರಮಾಣಪತ್ರದ ಫೋಲ್ಡರು ಖಾಲಿ ಇರ್ಬೇಕು. ಒಳಗೆ ಪ್ರಮಾಣಪತ್ರ ಇದ್ರೆ ಅಲ್ಲೇ ವಾಪಸ್ ಕೈಗಿಡ್ತೀನಿ. ಪೀಟಿ ಪಕ್ಕದ ಜಿಲ್ಲೇಲಿ ಹೋಗಿ ಮಾಡ್ತೀನಿ, ಇಲ್ಲಿ ಯಾರಿಗೂ ಕಾಣ್ದಂಗೆ."

ಕರ್ಟ್ ನಿಗಾರ್ಡರಿಗೆ ಫೋನು ಮಾಡಿದ. ಬರೆದುಕೊಂಡಿದ್ದನ್ನು ಹೊಡೆದು ಹಾಕಿ ಎಂದ. ಅವರು ಸರಿ ಅಂದರಂತೆ, ನಿರಾಳವಾದ ದನಿಯಲ್ಲೇ.

ಭಾನುವಾರ ಶಾಲೆಯ ಒಳಾಂಗಣ ಕ್ರೀಡಾಂಗಣದಲ್ಲಿ ಊರೆಲ್ಲ ಸೇರಿತ್ತು. ನೆಲದ ಮೇಲೆ ಕುರ್ಚಿಗಳಲ್ಲಿ ತಂದೆತಾಯಂದಿರು, ಮಕ್ಕಳ ಹೆಸರಿನ ಅಕ್ಷರದ ಸಾಲಿನಲ್ಲೇ. ಟೋರ್ಕೆಲ್ಸನ್ ಆದ ಮೇಲೆ ವೆಟ್ಜೆಲ್, ನಡುವೆ ಯಾರೂ ಇಲ್ಲ. ಲೋರ್ನಾ ಬಂದು ನನ್ನ ಪಕ್ಕ ಕೂತಳು. ಮೊಣಕೈ ತಾಗುವಷ್ಟು ಹತ್ತಿರ. ಶೆಲ್ಬಿ ಗೋಡೆಯ ಪಕ್ಕದ ಮೆಟ್ಟಿಲ ಸಾಲುಗಳ ತುದಿಯಲ್ಲಿ, ಹಳೆಯ ಗೆಳತಿಯರ ಜೊತೆ ಇದ್ದಳು. ತಿಳಿಹಳದಿ ಅಂಗಿ. ಕೂದಲು ಕಟ್ಟಿಕೊಂಡಿದ್ದಳು.

ಕರ್ಟ್ ವೇದಿಕೆಯ ಮೇಲೆ ತನ್ನ ಒಂದೇ ಸೂಟಿನಲ್ಲಿ ನಿಂತಿದ್ದ. ಪ್ರಮಾಣಪತ್ರ ಕೊಡುವುದು ಅಧ್ಯಕ್ಷನ ಕೆಲಸ. ಮಂಡಳಿಯವರ ಸ್ವಂತ ಮಕ್ಕಳು ಬಂದಾಗ ಇಲ್ಲಿ ಜನ ಹೆಚ್ಚಾಗಿಯೇ ಗಲಾಟೆ ಮಾಡುತ್ತಾರೆ, ಅಪ್ಪ ಮಗಳನ್ನು ಅಪ್ಪಿಕೊಳ್ಳುವುದನ್ನು ನೋಡಲು ಫೋನು ಎತ್ತಿ ಹಿಡಿಯುತ್ತಾರೆ. ನಿಗಾರ್ಡ್ ಹೆಸರು ಕರೆಯುತ್ತಾ ಬಂದರು. ಮಾರೆನ್ ಸರದಿಗೆ ಅವರು ಬರಿ ಹೆಸರು ಹೇಳಿ ಮುಗಿಸುತ್ತಾರೆಂದು ನಾನು ಆಸೆಪಟ್ಟಿದ್ದೆ. ಆದರೆ ಅಚ್ಚಾಗಿದ್ದ ಭಾಷಣ ಅವರ ಕೈಯಲ್ಲಿತ್ತು, ಬಿಟ್ಟರೆ ಯಾಕೆಂದು ಜನ ಕೇಳುತ್ತಿದ್ದರು. "ಹೈಸ್ಕೂಲು ಮುಗಿಸುವ ಮೊದಲೇ ಕಾಲೇಜಿನ ಪದವಿ ಪಡೆದ ನಮ್ಮ ಶಾಲೆಯ ಮೊದಲ ವಿದ್ಯಾರ್ಥಿನಿ" ಎಂದು ಓದಿದರು, ತಲೆ ಎತ್ತದೆ.

ಮಾರೆನ್ ಎದ್ದು ನಡೆದಳು. ತಲೆ ಎತ್ತಿಕೊಂಡೇ ನಡೆದಳು, ಲೋರ್ನಾ ಹೇಳಿದ ಹಾಗೆಯೇ. ಅವಳ ಕಿವಿ ಮಾತ್ರ ಕೆಂಪಾಗಿ ಉರಿಯುತ್ತಿತ್ತು. ಮೇಲಿನ ಸಾಲಿನಿಂದ ಯಾರೋ ಎರಡು ಬೆರಳಿಟ್ಟು ಸಿಳ್ಳೆ ಹೊಡೆದರು.

"ಬೌಲಿಂಗ್ ರಾಣೀ!" ಶೆಲ್ಬಿ ಕೂಗಿದಳು. ಎದ್ದು ನಿಂತು, ಎರಡೂ ಕೈ ಮೇಲೆತ್ತಿ.

ಇಡೀ ಕ್ರೀಡಾಂಗಣ ನಕ್ಕಿತು, ಪ್ರೀತಿಯಿಂದಲೇ. ಕರ್ಟ್ ಫೋಲ್ಡರು ಚಾಚಿದ. ಮಾರೆನ್ ತಗೊಂಡಳು. ಅವನು ಅಪ್ಪಿಕೊಳ್ಳಲು ಒಂದು ಹೆಜ್ಜೆ ಮುಂದಿಟ್ಟ. ಅವಳು ಕೈ ಚಾಚಿದಳು, ಪರಕೀಯರಿಗೆ ಚಾಚುವ ಹಾಗೆ. ಅವನು ಆ ಕೈ ಕುಲುಕಿದ. ಮಗಳ ಸಂಕೋಚ ಎಂದುಕೊಂಡು ಜನ ಇನ್ನಷ್ಟು ಜೋರಾಗಿ ಚಪ್ಪಾಳೆ ಹೊಡೆದರು. ಅವಳು ಆ ಖಾಲಿ ಫೋಲ್ಡರನ್ನು ಶೆಲ್ಬಿ ಇದ್ದ ಕಡೆಗೆ ಎತ್ತಿ ತೋರಿಸಿ ನಕ್ಕಳು. ನನ್ನ ಮಗಳು ಅಷ್ಟು ಚೆನ್ನಾಗಿ ಸುಳ್ಳು ನಗಬಲ್ಲಳು ಎಂದು ನನಗೆ ಗೊತ್ತಿರಲಿಲ್ಲ. ಕಲಿಸಿದವರು ನಾವೇ.

ನನ್ನ ಕೈ ಮಡಿಲಲ್ಲೇ ಬಿದ್ದಿತ್ತು. ಎತ್ತಲಾಗಲಿಲ್ಲ.

"ಚಪ್ಪಾಳೆ ತಟ್ಟು ರೆನೇ," ಎಂದಳು ಲೋರ್ನಾ, ಮುಂದೆ ನೋಡುತ್ತಲೇ. "ಶೆಲ್ಬಿ ನಿನ್ನೇ ನೋಡ್ತಿದಾಳೆ."

ತಟ್ಟಿದೆ. ಸುತ್ತಲಿನವರು ನಿಲ್ಲಿಸಿ ಡ್ರೂ ವೆಟ್ಜೆಲ್ ಹೆಸರಿಗೆ ಕಾಯುತ್ತಿದ್ದರು. ಸಾಕು ಎಂದು ಲೋರ್ನಾ ಹೇಳಲಿಲ್ಲ, ನಾನು ಒಬ್ಬಳೇ ತಟ್ಟುತ್ತಲೇ ಇದ್ದೆ.